ಲಕ್ಷ ಮನೆಗಳ ಊರು: ಗೇರುಸೊಪ್ಪೆಯ ಜನಸಂಖ್ಯೆಯ ಲೆಕ್ಕ

ಹೊನ್ನಾವರದಿಂದ ಜೋಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ, ಘಟ್ಟ ಏರುವುದಕ್ಕೆ ಮುಂಚೆ, ಶರಾವತಿಯ ದಡದಲ್ಲಿ ಗೇರುಸೊಪ್ಪೆ ಸಿಗುತ್ತದೆ. ಇಂದು ಅದೊಂದು ಸಣ್ಣ ಊರು. ಸಮೀಪದಲ್ಲಿ ಶರಾವತಿ ಟೇಲ್‌ರೇಸ್ ಅಣೆಕಟ್ಟೂ ವಿದ್ಯುದಾಗಾರವೂ ಇವೆ. ಹಳೆಯ ನಗರದ ಅವಶೇಷಗಳಿರುವ ಭಾಗಕ್ಕೆ ನಗರಬಸ್ತಿಕೇರಿ ಎಂದು ಹೆಸರು. ಅಲ್ಲಿ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. ಸುತ್ತಮುತ್ತ ಇನ್ನೂ ಕೆಲವು ಬಸದಿಗಳು, ಶಾಸನದ ಕಲ್ಲುಗಳು, ಕುಸಿದ ಕಟ್ಟಡಗಳ ಅಡಿಪಾಯಗಳು ಇವೆ.

15 ಮತ್ತು 16ನೇ ಶತಮಾನಗಳಲ್ಲಿ ಇದು ಒಂದು ಜೈನ ರಾಜಮನೆತನದ ರಾಜಧಾನಿಯಾಗಿತ್ತು. ಶಾಸನಗಳಲ್ಲಿ ಇದಕ್ಕೆ ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳಿವೆ. ಭಲ್ಲಾತಕ ಎಂದರೆ ಕರಿಗೇರು. ಈಗ ನಾವು ತಿನ್ನುವ ಗೋಡಂಬಿಯ ಗೇರುಮರ ಬ್ರೆಜಿಲ್ ಮೂಲದ್ದು; ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ಆದ್ದರಿಂದ ಊರಿನ ಹೆಸರಿನಲ್ಲಿರುವ ಗೇರು ನಮ್ಮ ಕಾಡಿನದೇ ಆದ ಕರಿಗೇರು ಎಂದು ತಿಳಿಯುವುದು ಸರಿ. 16ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಘಟ್ಟದ ಕಾಳುಮೆಣಸು ಈ ದಾರಿಯಲ್ಲಿ ಇಳಿದು, ದೋಣಿಗಳಲ್ಲಿ ಹೊನ್ನಾವರದ ಅಳಿವೆಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು.

1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರ್ ಈ ಊರಿನ ಬಗ್ಗೆ ಒಂದು ಸ್ಥಳೀಯ ನಂಬಿಕೆಯನ್ನು ದಾಖಲಿಸಿದೆ. ಉಚ್ಛ್ರಾಯ ಕಾಲದಲ್ಲಿ ಗೇರುಸೊಪ್ಪೆಯಲ್ಲಿ ಒಂದು ಲಕ್ಷ ಮನೆಗಳೂ 84 ಬಸದಿಗಳೂ ಇದ್ದವಂತೆ. ಈ ಮಾತನ್ನು ನಾವು ಹೇಗೆ ತೆಗೆದುಕೊಳ್ಳಬೇಕು? 'ಹಿರಿಯರು ಹೇಳಿದ್ದು, ನಿಜವೇ ಇರಬೇಕು' ಎಂದು ಒಪ್ಪಿಬಿಡುವುದು ಒಂದು ದಾರಿ. 'ಬರೀ ಕಟ್ಟುಕತೆ' ಎಂದು ತಳ್ಳಿಹಾಕುವುದು ಇನ್ನೊಂದು ದಾರಿ. ಇವೆರಡರಲ್ಲೂ ವಿಜ್ಞಾನವಿಲ್ಲ. ಮೂರನೆಯ ದಾರಿಯೊಂದಿದೆ. ಅದು ಲೆಕ್ಕ ಹಾಕಿ ನೋಡುವುದು. ಬನ್ನಿ, ಹಾಕಿ ನೋಡೋಣ.

ಮನೆಗಳಿಂದ ಜನರಿಗೆ

ಜನಗಣತಿ ಇಲ್ಲದ ಕಾಲದ ಜನಸಂಖ್ಯೆಯನ್ನು ಅಂದಾಜು ಮಾಡುವಾಗ ಇತಿಹಾಸಕಾರರಿಗೆ ಸಾಮಾನ್ಯವಾಗಿ ಸಿಗುವುದು ತಲೆಗಳ ಲೆಕ್ಕವಲ್ಲ, ಮನೆಗಳ ಅಥವಾ ಒಲೆಗಳ ಲೆಕ್ಕ. ತೆರಿಗೆ ಹಾಕುತ್ತಿದ್ದುದು ಮನೆಗೆ. ಹಾಗಾಗಿ ದಾಖಲೆಯಲ್ಲಿ ಉಳಿಯುವುದೂ ಮನೆಯೇ. ಗ್ರೀಸ್ ದೇಶದ ಬೆಟ್ಟದ ಹಳ್ಳಿಗಳ ಇತಿಹಾಸವನ್ನು ಹೀಗೆಯೇ ಕಟ್ಟಿದ್ದಾರೆ. ಆ ಪ್ರದೇಶ ಶತಮಾನಗಳ ಕಾಲ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಅವರ ತೆರಿಗೆ ಪುಸ್ತಕಗಳಲ್ಲಿ ಊರೂರಿನ ಮನೆಗಳ ಸಂಖ್ಯೆ ಇದೆ. ತುರ್ಕಿಯ ಇತಿಹಾಸಕಾರ ಬರ್ಕಾನ್ ಅದನ್ನು 5ರಿಂದ ಗುಣಿಸಿ ಜನಸಂಖ್ಯೆಯ ಅಂದಾಜು ಕೊಟ್ಟರು. ಈ ಗುಣಕ 4 ಇರಬೇಕೋ 6 ಇರಬೇಕೋ ಎಂಬ ಚರ್ಚೆ ಬಹಳ ನಡೆದಿದೆ. ಆದರೂ 5 ಎಂಬುದು ಕೆಲಸ ಶುರುಮಾಡಲು ಒಳ್ಳೆಯ ಸಂಖ್ಯೆ.

ಗೇರುಸೊಪ್ಪೆಗೆ ಇದನ್ನು ಅನ್ವಯಿಸಿ. ಒಂದು ಲಕ್ಷ ಮನೆ ಎಂದರೆ 5 ಲಕ್ಷ ಜನ. ಈಗ ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿಡಿ. 1881ರ ಜನಗಣತಿಯಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 4,21,840. ಎಂದರೆ, ನಂಬಿಕೆಯ ಪ್ರಕಾರ ಒಂದೇ ಊರಿನಲ್ಲಿದ್ದ ಜನ, ಮುಂದೆ ಇಡೀ ಜಿಲ್ಲೆಯಲ್ಲಿ ಎಣಿಕೆಯಾದ ಜನರಿಗಿಂತ ಹೆಚ್ಚು. ಅನುಮಾನ ಹುಟ್ಟಲು ಇಷ್ಟು ಸಾಕು. ಆದರೆ ಅನುಮಾನವೇ ಪುರಾವೆಯಲ್ಲ. ಜನ ಮೊದಲು ಹೆಚ್ಚಿದ್ದು ಆಮೇಲೆ ಕಡಿಮೆಯಾಗಿರಬಹುದಲ್ಲವೆ? ಆದ್ದರಿಂದ ಇನ್ನೊಂದು ಪರೀಕ್ಷೆ ಬೇಕು.

ಅಕ್ಕಿ ಮತ್ತು ಸೌದೆಯ ಪರೀಕ್ಷೆ

ಜನರಿದ್ದರೆ ಅವರು ಉಣ್ಣಬೇಕು. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಎಂದರೆ ವರ್ಷಕ್ಕೆ ಸುಮಾರು 180 ಕಿಲೋ. 5 ಲಕ್ಷ ಜನಕ್ಕೆ 90,000 ಟನ್. ರಾಸಾಯನಿಕ ಗೊಬ್ಬರವಿಲ್ಲದ ಹಳೆಯ ಕ್ರಮದ ಗದ್ದೆಯಲ್ಲಿ ಹೆಕ್ಟೇರಿಗೆ ಒಂದು ಟನ್ ಅಕ್ಕಿ ದೊರೆಯಿತೆಂದು ಉದಾರವಾಗಿಯೇ ಹಿಡಿಯೋಣ. ಆಗ 90,000 ಹೆಕ್ಟೇರ್, ಅಂದರೆ 900 ಚದರ ಕಿಲೋಮೀಟರ್ ಗದ್ದೆ ಬೇಕು. ಈಗಿನ ಹೊನ್ನಾವರ ತಾಲ್ಲೂಕಿನ ಗುಡ್ಡ, ಕಾಡು, ನದಿ, ಕಡಲತೀರ ಎಲ್ಲ ಸೇರಿದರೂ ಇಷ್ಟು ವಿಸ್ತೀರ್ಣವಾಗುವುದಿಲ್ಲ. ಗೇರುಸೊಪ್ಪೆಯ ಸುತ್ತ ಇರುವುದಾದರೋ ಕಡಿದಾದ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆ. ಅಲ್ಲಿ ಗದ್ದೆಗಿಂತ ತೋಟಕ್ಕೇ ಜಾಗ ಹೆಚ್ಚು.

'ಅಕ್ಕಿಯನ್ನು ಹೊರಗಿನಿಂದ ತರಿಸಿಕೊಂಡಿರಬಹುದು' ಎಂದು ನಿಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಹೇಳಿಯೇ ಹೇಳುತ್ತಾನೆ. ಒಳ್ಳೆಯ ಪ್ರಶ್ನೆ. ಶರಾವತಿಯಲ್ಲಿ ಗೇರುಸೊಪ್ಪೆಯವರೆಗೂ ದೋಣಿ ಬರುತ್ತಿತ್ತು. ಒಂದು ದೋಣಿಗೆ 5 ಟನ್ ಎಂದಿಟ್ಟುಕೊಂಡರೆ ವರ್ಷಕ್ಕೆ 18,000 ಸಲ ದೋಣಿ ಬರಬೇಕು. ಮಳೆಗಾಲ ಬಿಟ್ಟು ಉಳಿಯುವ ಸುಮಾರು 240 ದಿನಗಳಲ್ಲಿ ದಿನವೂ 75 ದೋಣಿ. ಸಾಗಾಟ ಕಷ್ಟ, ಆದರೆ ಅಸಾಧ್ಯವಲ್ಲ. ಅಸಾಧ್ಯವಾಗುವುದು ಬೇರೆ ಕಡೆ. ಅಷ್ಟು ಅಕ್ಕಿಯನ್ನು ಕೊಡುವ ಊರುಗಳಲ್ಲಿ ಬೆಳೆಯುವ ರೈತನೂ ಉಣ್ಣಬೇಕು. ಬೆಳೆದುದರಲ್ಲಿ ಮೂರನೆಯ ಒಂದು ಭಾಗವನ್ನು ಮಾರಲು ಉಳಿಸಿದರೂ, 900ರ ಬದಲು 2,700 ಚದರ ಕಿಲೋಮೀಟರ್ ಗದ್ದೆ ಬೇಕಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕುಗಳ ಕರಾವಳಿಯ ಗದ್ದೆಬಯಲು ಇದರ ಸಮೀಪಕ್ಕೂ ಬರುವುದಿಲ್ಲ.

ಸೌದೆಯನ್ನೂ ಹೀಗೆಯೇ ನೋಡಬಹುದು. ತಲೆಗೆ ದಿನಕ್ಕೆ ಒಂದು ಕಿಲೋ ಎಂದರೆ ವರ್ಷಕ್ಕೆ ಸುಮಾರು 1.8 ಲಕ್ಷ ಟನ್. ಕಾಡನ್ನು ಬರಿದು ಮಾಡದೆ ಹೆಕ್ಟೇರಿಗೆ ವರ್ಷಕ್ಕೆ 2 ಟನ್ ಸೌದೆ ತೆಗೆಯಬಹುದೆಂದರೆ ಬೇಕಾದ ಕಾಡು ಮತ್ತೆ 900 ಚದರ ಕಿಲೋಮೀಟರ್. ಒಂದು ಪ್ರದೇಶ ಎಷ್ಟು ಜೀವಿಗಳನ್ನು ಬಹುಕಾಲ ಸಾಕಬಲ್ಲದೋ ಅದನ್ನು ಜೀವಿವಿಜ್ಞಾನದಲ್ಲಿ ಧಾರಣ ಸಾಮರ್ಥ್ಯ ಎನ್ನುತ್ತಾರೆ. ನಾವು ಈಗ ಮಾಡಿದ್ದು ಅದರ ಒರಟು ಲೆಕ್ಕ.

ತೀರ್ಮಾನ ಸ್ಪಷ್ಟ. ಲಕ್ಷ ಮನೆಗಳು ಇರಲಾರವು. ನಮ್ಮ ಹಳೆಯ ಮಾತಿನಲ್ಲಿ 'ಲಕ್ಷ' ಎಂದರೆ ಅನೇಕ ವೇಳೆ 'ಎಣಿಸಲಾಗದಷ್ಟು' ಎಂದೇ ಅರ್ಥ. ಹಾಗಾದರೆ ಎಷ್ಟಿದ್ದಿರಬಹುದು? ಅವಶೇಷಗಳು ಹರಡಿರುವ ಜಾಗವನ್ನು ಅಳೆದು, ಹೆಕ್ಟೇರಿಗೆ 100ರಿಂದ 150 ಜನ ಎಂದು ಗುಣಿಸುವುದು ಪುರಾತತ್ತ್ವಜ್ಞರ ಒಂದು ವಿಧಾನ. ಉದಾಹರಣೆಗೆ ಒಂದು ಚದರ ಕಿಲೋಮೀಟರ್ ವ್ಯಾಪ್ತಿಯ ಪೇಟೆಗೆ 10,000ದಿಂದ 15,000 ಜನ ಬರುತ್ತಾರೆ. ಸಂಖ್ಯೆ ಸಣ್ಣದಾಯಿತೆಂದು ಊರಿನ ಮಹತ್ವ ಕುಗ್ಗುವುದಿಲ್ಲ. ಆ ಕಾಲದಲ್ಲಿ ಹತ್ತು ಸಾವಿರ ಜನರ ಪೇಟೆ ಎಂದರೆ ದೊಡ್ಡ ಪೇಟೆಯೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಡಿನಲ್ಲಿ ಇಂದು ಕಾಣುವುದು ಕಲ್ಲಿನ ಬಸದಿಗಳು ಮಾತ್ರ. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳು 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಕೆಲವೇ ವರ್ಷಗಳಲ್ಲಿ ಮಣ್ಣಿಗೆ ಮಣ್ಣಾಗುತ್ತವೆ. ಕಲ್ಲು ಉಳಿಯುತ್ತದೆ, ಮಣ್ಣು ಉಳಿಯುವುದಿಲ್ಲ. ಹಾಗಾಗಿ ಕಂಡಷ್ಟೇ ಇದ್ದದ್ದು ಎಂದು ಭಾವಿಸುವುದೂ ತಪ್ಪು. ಶಾಸನಗಳಿಗೂ ಇದೇ ಮಾತು. ಅವುಗಳಲ್ಲಿ ದಾನ ಕೊಟ್ಟ ಅರಸರು, ಸೆಟ್ಟರು ಇದ್ದಾರೆ. ಅಕ್ಕಿ ಬೆಳೆದವರು, ದೋಣಿ ನಡೆಸಿದವರು, ಮೆಣಸು ಕೊಯ್ದವರು ಬಹುಮಟ್ಟಿಗೆ ಇಲ್ಲ.

ಹದಿನೈದು ವರ್ಷಗಳಲ್ಲಿ ಕಾಡು

17ನೇ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದುಕೊಂಡನು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಪೋರ್ಚುಗೀಸ್ ರಾಯಭಾರಿಯೊಂದಿಗೆ ಹೊನ್ನಾವರದಿಂದ ದೋಣಿಯಲ್ಲಿ ಬಂದು, ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಹೋದನು. ಒಂದು ಕಾಲದ ಪ್ರಸಿದ್ಧ ರಾಜಧಾನಿ ಹಾಳುಬಿದ್ದಿದೆ, ಅರಮನೆಯ ಮೇಲೆ ಮರಗಳು ಬೆಳೆದಿವೆ, ಉಳಿದಿರುವುದು ರೈತರ ಕೆಲವು ಗುಡಿಸಲು ಮಾತ್ರ ಎಂಬರ್ಥದ ವಿವರವನ್ನು ಅವನು ತನ್ನ ಪತ್ರದಲ್ಲಿ ಕೊಟ್ಟಿದ್ದಾನೆ. ರಾಣಿಯ ಪತನಕ್ಕೆ ಒಂದು ಪ್ರೇಮದ ಕತೆಯನ್ನೂ ಹೇಳುತ್ತಾನೆ. ಆ ಕತೆಯನ್ನು ಬದಿಗಿಟ್ಟು, ಅವನು ಕಣ್ಣಾರೆ ಕಂಡದ್ದನ್ನು ಮಾತ್ರ ತೆಗೆದುಕೊಳ್ಳೋಣ.

ಪಟ್ಟಣ ಸೋತದ್ದಕ್ಕೂ ಅವನು ನೋಡಿದ್ದಕ್ಕೂ ನಡುವೆ ಇರುವುದು ಸುಮಾರು 15 ವರ್ಷ. ಜನಸಂಖ್ಯೆಯ ಮೂಲ ಸಮೀಕರಣ ನಿಮಗೆ ಗೊತ್ತಿದೆ:

ಈಗಿನ ಜನ = ಮೊದಲಿದ್ದ ಜನ + ಜನನ − ಮರಣ + ಒಳಬಂದವರು − ಹೊರಹೋದವರು

ನಾಲ್ಕು ಕಾರಣಗಳಲ್ಲಿ ಯಾವುದು ಇಲ್ಲಿ ಕೆಲಸ ಮಾಡಿತು? ಜನನಕ್ಕಿಂತ ಮರಣ ಪ್ರತಿವರ್ಷ ಸಾವಿರಕ್ಕೆ 20ರಷ್ಟು ಹೆಚ್ಚಾಗಿತ್ತೆಂದು ಊಹಿಸಿ. ಇದು ಬಹಳ ಕೆಟ್ಟ ಪರಿಸ್ಥಿತಿ. ಹತ್ತು ಸಾವಿರ ಜನರಿದ್ದ ಪೇಟೆ ಪ್ರತಿವರ್ಷ ಶೇಕಡಾ 2ರಷ್ಟು ಕುಗ್ಗಿದರೆ 15 ವರ್ಷಗಳ ನಂತರ ಎಷ್ಟು ಜನ ಉಳಿಯುತ್ತಾರೆ? 10,000ವನ್ನು 0.98ರಿಂದ ಹದಿನೈದು ಸಲ ಗುಣಿಸಿ. ಉತ್ತರ ಸುಮಾರು 7,390. ಕೆಲವು ಗುಡಿಸಲುಗಳ ಮಟ್ಟಕ್ಕೆ ಇಳಿಯುವುದು ದೂರದ ಮಾತು. ಆದ್ದರಿಂದ ಜನನ ಮರಣಗಳ ನಿಧಾನದ ವ್ಯತ್ಯಾಸ ಇದನ್ನು ವಿವರಿಸಲಾರದು. ಯುದ್ಧದಲ್ಲಿ ಸತ್ತವರು ಇರಬಹುದು, ರೋಗವೂ ಬಂದಿರಬಹುದು. ಆದರೆ ಮುಖ್ಯ ಕಾರಣ ಸಮೀಕರಣದ ಕೊನೆಯ ಪದವೇ ಆಗಿರಬೇಕು: ಜನ ಊರು ಬಿಟ್ಟು ಹೋದರು.

ಯಾಕೆ ಹೋದರು ಎಂಬುದೂ ಊಹೆಗೆ ಸಿಗುತ್ತದೆ. ರಾಜಧಾನಿಯ ಪೇಟೆ ಅಲ್ಲಿನ ಗದ್ದೆಯಿಂದ ಬದುಕುವುದಿಲ್ಲ. ಅದು ಅರಮನೆ, ಸೈನ್ಯ, ಸುಂಕ, ವ್ಯಾಪಾರಗಳಿಂದ ಬದುಕುತ್ತದೆ. ಅರಮನೆ ಇಲ್ಲವಾದಾಗ ಸುಂಕ ಇಕ್ಕೇರಿಗೆ ಸಲ್ಲುತ್ತದೆ. ಸುಂಕ ಹೋದ ಕಡೆ ಸೆಟ್ಟಿ ಹೋಗುತ್ತಾನೆ. ಸೆಟ್ಟಿಯ ಹಿಂದೆ ಅಕ್ಕಸಾಲಿ, ನೇಕಾರ, ಹಮಾಲಿ ಹೋಗುತ್ತಾರೆ. ಉಳಿಯುವವನು ನೆಲವನ್ನು ನಂಬಿದ ರೈತ ಮಾತ್ರ. ದೆಲ್ಲಾ ವಲ್ಲೆ ಕಂಡ ಗುಡಿಸಲುಗಳು ಅವನವೇ.

ಪಕ್ಕದ ಭಟ್ಕಳದೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೊನ್ಸೊ ದೆ ಸೋಜ ಭಟ್ಕಳವನ್ನು ಸೂರೆಮಾಡಿ ಸುಟ್ಟನು. ಆದರೂ ಭಟ್ಕಳ ಉಳಿಯಿತು, ಬೆಳೆಯಿತು. ಅದಕ್ಕೆ ಬಂದರಿತ್ತು, ಮೀನಿತ್ತು, ಹಿಂದೆ ಗದ್ದೆಬಯಲಿತ್ತು, ದೂರದ ದೇಶಗಳ ವ್ಯಾಪಾರದ ನಂಟಿತ್ತು. ಒಂದು ಕಂಬ ಮುರಿದರೆ ಇನ್ನೊಂದು ಹಿಡಿದು ನಿಲ್ಲಿಸಿತು. ಆದರೆ ಭಟ್ಕಳ ತಾಲ್ಲೂಕಿನ ಒಳನಾಡಿನಲ್ಲಿ, ಘಟ್ಟದ ಬುಡದಲ್ಲಿರುವ ಹಾಡುವಳ್ಳಿ, ಹಿಂದಿನ ಸಂಗೀತಪುರ, ಗೇರುಸೊಪ್ಪೆಯ ಹಾದಿಯನ್ನೇ ಹಿಡಿಯಿತು. ಅದೂ ಜೈನ ಅರಸರ ರಾಜಧಾನಿ. ಇಂದು ಬಸದಿಗಳಿರುವ ಒಂದು ಹಳ್ಳಿ.

ಮರಗಳು ಅಷ್ಟು ಬೇಗ ಹೇಗೆ ಬೆಳೆದವು ಎಂದು ಆಶ್ಚರ್ಯಪಡಬೇಕಾಗಿಲ್ಲ. ಪಾಳುಬಿದ್ದ ಮನೆಯ ಗೋಡೆಯ ಮೇಲೆ ಆಲ, ಅರಳಿ, ಬಸರಿ ಮೊಳೆಯುವುದನ್ನು ನೀವೇ ನೋಡಿದ್ದೀರಿ. ಹಕ್ಕಿ ಬಾವಲಿಗಳ ಹಿಕ್ಕೆಯಲ್ಲಿ ಬೀಜ ಬರುತ್ತದೆ. ಮೊದಲು ಬಿಸಿಲು ಬಯಸುವ, ಬೇಗ ಬೆಳೆಯುವ ಗಿಡಗಳು ಬರುತ್ತವೆ. ಅವುಗಳ ನೆರಳಿನಲ್ಲಿ, ನಿಧಾನವಾಗಿ ಬೆಳೆಯುವ ದೊಡ್ಡ ಮರಗಳ ಸಸಿಗಳು ಏಳುತ್ತವೆ. ಇದೇ ಸಸ್ಯಗಳ ಅನುಕ್ರಮಣ. ಹೀಗೆ ನಾಲ್ಕು ಶತಮಾನ ಕಳೆದ ಕಾಡು ನೋಡುವವರಿಗೆ ಅನಾದಿಯ ಕಾಡಿನಂತೆಯೇ ಕಾಣುತ್ತದೆ. 'ಮನುಷ್ಯ ಮುಟ್ಟದ ಕಾಡು' ಎಂದು ಹೇಳುವ ಮುನ್ನ ನೆಲದ ಮೇಲೆ ಹಂಚಿನ ಚೂರು, ಕಟ್ಟಿದ ಬಾವಿ, ಕಲ್ಲಿನ ಮೆಟ್ಟಿಲು ಇದೆಯೇ ಎಂದು ನೋಡಬೇಕು. ಹಾಗೆಂದು ಈ ಕಾಡಿನ ಬೆಲೆ ಕಡಿಮೆಯಾಗುವುದಿಲ್ಲ. ಶರಾವತಿ ಕಣಿವೆ ಸಿಂಗಳೀಕಗಳ ಮುಖ್ಯ ನೆಲೆ. 2019ರಲ್ಲಿ ಅದು ಸಿಂಗಳೀಕ ಅಭಯಾರಣ್ಯವೂ ಆಯಿತು. ಬಿಟ್ಟರೆ ಕಾಡು ಮರಳಿ ಬರುತ್ತದೆ ಎಂಬುದಕ್ಕೆ ಗೇರುಸೊಪ್ಪೆಯೇ ಸಾಕ್ಷಿ. ಆದರೆ ಅದಕ್ಕೆ ಬೇಕಾಗುವ ಕಾಲ ಶತಮಾನಗಳದ್ದು.

ಗಣತಿ ಹೇಳುವ ಕತೆ

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1872ರಿಂದ ಜನಗಣತಿಯ ಅಂಕಿಗಳು ಸಿಗುತ್ತವೆ. ಇಲ್ಲಿಂದ ಮುಂದೆ ನಾವು ಊಹೆಯ ನೆಲ ಬಿಟ್ಟು ಎಣಿಕೆಯ ನೆಲಕ್ಕೆ ಬರುತ್ತೇವೆ. ಜಿಲ್ಲೆಯ ಜನಸಂಖ್ಯೆ (ಲಕ್ಷಗಳಲ್ಲಿ) ಸ್ಥೂಲವಾಗಿ ಹೀಗಿದೆ:

1872 — 3.98
1881 — 4.22
1891 — 4.46
1901 — 4.54
1921 — 4.02
1951 — 5.18
1981 — 10.72
2001 — 13.54
2011 — 14.37

ಈ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಗ್ರಾಫ್ ಕಾಗದದ ಮೇಲೆ ಬಿಡಿಸಿ. ನಾಲ್ಕು ಭಾಗಗಳು ಎದ್ದು ಕಾಣುತ್ತವೆ.

ಮೊದಲನೆಯದು 1872ರಿಂದ 1901ರವರೆಗಿನ ನಿಧಾನದ ಏರಿಕೆ. 29 ವರ್ಷಗಳಲ್ಲಿ ಶೇಕಡಾ 14. ಎಂದರೆ ವರ್ಷಕ್ಕೆ ಅರ್ಧ ಶೇಕಡಾಕ್ಕಿಂತಲೂ ಕಡಿಮೆ.

ಎರಡನೆಯದು 1901ರಿಂದ 1921ರವರೆಗಿನ ಇಳಿಕೆ. 20 ವರ್ಷಗಳಲ್ಲಿ ಸುಮಾರು 52,000 ಜನ ಕಡಿಮೆಯಾದರು. ನೂರಕ್ಕೆ ಹನ್ನೊಂದು ಮಂದಿಗಿಂತ ಹೆಚ್ಚು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಅಲ್ಲಿಂದ ಪ್ರಾಂತದ ಎಲ್ಲೆಡೆ ಹರಡಿತು. 1918ರ ಇನ್‌ಫ್ಲುಯೆಂಜಾ ದೇಶದಾದ್ಯಂತ ಲಕ್ಷಾಂತರ ಜನರನ್ನು ಕೊಂದಿತು. ಆದರೆ ಇವೆರಡೂ ಬಂದುಹೋಗುವ ರೋಗಗಳು. ಉತ್ತರ ಕನ್ನಡದ ಕಾಡುಸೀಮೆಯಲ್ಲಿ ಬಂದು ಹೋಗದೆ ಕುಳಿತಿದ್ದ ರೋಗ ಮಲೇರಿಯಾ. ಕರಾವಳಿಯ ತಾಲ್ಲೂಕುಗಳಿಗಿಂತ ಘಟ್ಟದ ಮತ್ತು ಘಟ್ಟದ ಬುಡದ ಊರುಗಳಿಗೆ ಪೆಟ್ಟು ಹೆಚ್ಚು ಬಿದ್ದದ್ದಕ್ಕೆ ಕಾರಣ ಇದೇ.

ಇದರ ಹಿಂದಿನ ಜೀವಿವಿಜ್ಞಾನ ತಿಳಿಯುವಂಥದು. ಇಲ್ಲಿ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಇದು ಮೊಟ್ಟೆಯಿಡುವುದು ಕೊಳಚೆ ನೀರಿನಲ್ಲಲ್ಲ. ಗುಡ್ಡದ ಬುಡದಲ್ಲಿ ಮೆಲ್ಲನೆ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ, ಅಂಚಿನ ಹುಲ್ಲಿನ ನಡುವೆ. ಅಡಿಕೆ ತೋಟದ ಕಾಲುವೆಯೂ ಅಂಥ ಜಾಗವೇ. ಎಂದರೆ ಘಟ್ಟದ ಬುಡದಲ್ಲಿ ಮನುಷ್ಯ ನೆಲೆಸಲು ಆರಿಸುವ ನೀರೇ ಸೊಳ್ಳೆಯೂ ಆರಿಸುವ ನೀರು. ಜ್ವರದಿಂದ ಕೆಲಸಗಾರರು ಕಡಿಮೆಯಾದರೆ ಕಾಲುವೆಗಳಲ್ಲಿ ಕಳೆ ಬೆಳೆಯುತ್ತದೆ. ಕಳೆ ಬೆಳೆದರೆ ಸೊಳ್ಳೆಯ ಮರಿಗಳಿಗೆ ಆಸರೆ ಹೆಚ್ಚುತ್ತದೆ. ಸೊಳ್ಳೆ ಹೆಚ್ಚಿದರೆ ಜ್ವರ ಹೆಚ್ಚುತ್ತದೆ. ಇಂಥ ಸುಳಿಗೆ ಒಮ್ಮೆ ಸಿಕ್ಕ ಊರು ತಾನಾಗಿ ಮೇಲೇಳುವುದು ಕಷ್ಟ. 1623ರ ಪಾಳು ಪೇಟೆ ಮತ್ತೆ ಪೇಟೆಯಾಗದೆ ಉಳಿದುದರಲ್ಲಿ ಜ್ವರದ ಪಾಲೂ ಇದ್ದಿರಬಹುದು.

ಮೂರನೆಯ ಭಾಗ 1951ರಿಂದ 1981ರವರೆಗಿನ ನೆಗೆತ. 30 ವರ್ಷಗಳಲ್ಲಿ ಜನಸಂಖ್ಯೆ ಎರಡರಷ್ಟಾಯಿತು. ಏರಿಕೆಯ ದರ ವರ್ಷಕ್ಕೆ ಸುಮಾರು ಶೇಕಡಾ 2.4. (70ನ್ನು ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಕಾಲ ಸಿಗುತ್ತದೆ: 70 ÷ 2.4 = ಸುಮಾರು 29 ವರ್ಷ. ಈ ಸೂತ್ರವನ್ನು ಬ್ಯಾಂಕಿನ ಬಡ್ಡಿಗೂ ಬಳಸಬಹುದು.) ಇದರ ಬೇರು 1940ರ ದಶಕದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆಯೇ ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಮತ್ತು ಸಂಗಡಿಗರು ಉತ್ತರ ಕನ್ನಡ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿಡಿಟಿ ಸಿಂಪಡಿಸಿ ಪ್ರಯೋಗ ನಡೆಸಿದರು. ಫ್ಲೂವಿಯಾಟಿಲಿಸ್ ಸೊಳ್ಳೆ ಮನುಷ್ಯರನ್ನು ಕಚ್ಚಿ, ಮನೆಯ ಗೋಡೆಯ ಮೇಲೆಯೇ ವಿಶ್ರಮಿಸುವ ಅಭ್ಯಾಸದ್ದು. ಗೋಡೆಗೆ ಬಳಿದ ಡಿಡಿಟಿ ಅದಕ್ಕೆ ನೇರವಾಗಿ ತಗಲಿತು. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಪ್ರಯೋಗಗಳೇ ಧೈರ್ಯ ಕೊಟ್ಟವು. ಡಿಡಿಟಿ ಮಣ್ಣಿನಲ್ಲೂ ಜೀವಿಗಳ ಕೊಬ್ಬಿನಲ್ಲೂ ಸೇರಿಕೊಂಡು ಮಾಡುವ ಹಾನಿ ಆಮೇಲೆ ತಿಳಿಯಿತು. ಸೊಳ್ಳೆಗಳು ನಿರೋಧವನ್ನೂ ಬೆಳೆಸಿಕೊಂಡವು. ಆದರೆ ಆ ದಿನಗಳಲ್ಲಿ ಅದು ಉಳಿಸಿದ ಮಕ್ಕಳು ಈ ಪಟ್ಟಿಯಲ್ಲಿ ಕಾಣುತ್ತಾರೆ.

ಜ್ವರ ಇಳಿದ ಕಾಡುಸೀಮೆಗೆ ಹೊರಗಿನವರೂ ಬಂದರು. ರಸ್ತೆ, ವಿದ್ಯುತ್ ಯೋಜನೆ, ಕಾರ್ಖಾನೆಗಳು ಬಂದವು. 1960ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ಮುಂಡಗೋಡದಲ್ಲಿ ನೆಲೆಸಿದರು. ಹಾಗಾಗಿ ಈ ನೆಗೆತವನ್ನು ಒಂದೇ ಕಾರಣಕ್ಕೆ ಕಟ್ಟಬಾರದು. ಮರಣ ಕಡಿಮೆಯಾದದ್ದು, ಜನನ ಸ್ವಲ್ಪ ಕಾಲ ಹಾಗೆಯೇ ಉಳಿದದ್ದು, ಒಳವಲಸೆ, ಮೂರೂ ಸೇರಿವೆ.

ಕಾಡಿನಂಚಿನ ಬದುಕಿಗೆ ಅಪಾಯಗಳು ಮಾತ್ರ ಮುಗಿಯಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣ್ಣಿಗಳಿಂದ ಹರಡುವ ಮಂಗನ ಕಾಯಿಲೆ ಮುಂದಿನ ದಶಕಗಳಲ್ಲಿ ಹೊನ್ನಾವರ, ಕುಮಟಾ, ಭಟ್ಕಳಗಳ ಕಾಡಂಚಿನ ಊರುಗಳನ್ನೂ ಮುಟ್ಟಿತು.

ಈಗ ನಾಲ್ಕನೆಯ ಭಾಗ

2001ರಿಂದ 2011ರ ನಡುವೆ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಕೇವಲ ಶೇಕಡಾ 6.17ರಷ್ಟು ಏರಿತು. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಏರಿಕೆ ಸುಮಾರು ಶೇಕಡಾ 15.6. ಈ ದರದಲ್ಲಿ ಇಮ್ಮಡಿಯಾಗಲು 110 ವರ್ಷಕ್ಕಿಂತ ಹೆಚ್ಚು ಬೇಕು. ಈ ಸಲ ರೋಗ ಕಾರಣವಲ್ಲ. ಮನೆಗೆ ಮಕ್ಕಳು ಒಂದೋ ಎರಡೋ. ಓದಿದವರು ಬೆಂಗಳೂರು, ಮುಂಬಯಿ, ಹುಬ್ಬಳ್ಳಿಗಳಿಗೆ ಹೋಗುತ್ತಾರೆ. ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಬಹಳ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲು ಊರಿಗೆ ಬರುವುದನ್ನೂ ಸುಲಭ ಮಾಡಿತು, ಊರು ಬಿಡುವುದನ್ನೂ ಸುಲಭ ಮಾಡಿತು.

ಇಲ್ಲಿ ಗ್ರೀಸ್ ದೇಶದ ಪಿಂಡಸ್ ಪರ್ವತಗಳ ಜಾಗೋರಿ ಪ್ರದೇಶವನ್ನು ನೆನೆಯಬಹುದು. ಅಲ್ಲಿ 46 ಹಳ್ಳಿಗಳಿವೆ. ಗಂಡಸರು ಇಸ್ತಾಂಬುಲ್, ರೊಮೇನಿಯಾ ಮೊದಲಾದ ಕಡೆ ವ್ಯಾಪಾರಕ್ಕೆ ಹೋಗಿ, ಕಳಿಸಿದ ಹಣದಲ್ಲಿ ಚೆಲುವಾದ ಕಲ್ಲಿನ ಮನೆಗಳೂ ಶಾಲೆಗಳೂ ಎದ್ದವು. ಬಹುಕಾಲ ಹಳ್ಳಿ ಚೆನ್ನಾಗಿಯೇ ನಡೆಯಿತು. 20ನೇ ಶತಮಾನದ ಯುದ್ಧಗಳಲ್ಲಿ ಹಲವು ಊರುಗಳು ಸುಟ್ಟವು. ಆಮೇಲೆ ಕುಟುಂಬಗಳೇ ನಗರಕ್ಕೂ ಪರದೇಶಕ್ಕೂ ಹೊರಟವು. 2023ರಲ್ಲಿ ಯುನೆಸ್ಕೊ ಈ ಹಳ್ಳಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಗಳು ಉಳಿದಿವೆ, ಚಳಿಗಾಲದಲ್ಲಿ ಒಲೆ ಉರಿಯುವ ಮನೆಗಳು ಕಡಿಮೆ. ಗಮನಿಸಿ: ದುಡಿಯುವವನು ಹೊರಗೆ ಹೋಗಿ ಕುಟುಂಬ ಊರಿನಲ್ಲಿದ್ದರೆ ಊರು ಬಾಳುತ್ತದೆ. ಕುಟುಂಬವೇ ಹೊರಟಾಗ ಊರಿನ ವಯಸ್ಸು ಏರುತ್ತದೆ, ಶಾಲೆ ಮುಚ್ಚುತ್ತದೆ.

ನಮ್ಮ ಕಣಿವೆಗಳಲ್ಲಿ ಇವೆರಡೂ ಕಾಣುತ್ತವೆ. ಇದನ್ನು ಗುರುತಿಸಲು ಒಟ್ಟು ಜನಸಂಖ್ಯೆ ಸಾಲದು. ವಯಸ್ಸಿನ ಪಿರಮಿಡ್ ನೋಡಬೇಕು. ಬುಡ ಅಗಲವಾಗಿದ್ದರೆ ಮಕ್ಕಳು ಹೆಚ್ಚು. ನಡುವೆ, 20ರಿಂದ 40ರ ವಯಸ್ಸಿನಲ್ಲಿ, ಗಂಡಸರ ಕಡೆ ಮಾತ್ರ ತಗ್ಗಿದ್ದರೆ ದುಡಿಯುವವರು ಹೊರಗಿದ್ದಾರೆ. ಎರಡೂ ಕಡೆ ತಗ್ಗಿದ್ದು ಬುಡವೂ ಕಿರಿದಾಗಿದ್ದರೆ ಕುಟುಂಬಗಳೇ ಹೊರಟಿವೆ. ನಮ್ಮ ಗಣತಿಯಲ್ಲಿ, ಎಣಿಕೆಯ ಅವಧಿಯಿಡೀ ಊರಿನಲ್ಲಿ ಇಲ್ಲದವರನ್ನು ಆ ಮನೆಯಲ್ಲಿ ಎಣಿಸುವುದಿಲ್ಲ ಎಂಬುದನ್ನೂ ನೆನಪಿಡಿ.

ನೀವೇ ಮಾಡಬಹುದಾದ ಕೆಲಸ

2021ರಲ್ಲಿ ನಡೆಯಬೇಕಿದ್ದ ಜನಗಣತಿ ಆಗ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ ಎಂದು ಸರ್ಕಾರ ಪ್ರಕಟಿಸಿದೆ. ಗಣತಿಯಲ್ಲಿ ಮನೆಮನೆಗೆ ಹೋಗುವವರು ಬಹುಮಟ್ಟಿಗೆ ನಮ್ಮ ಶಿಕ್ಷಕರೇ. ಆ ಕೆಲಸವನ್ನು ಹೊರೆ ಎಂದುಕೊಳ್ಳುವವರಿದ್ದಾರೆ. ಆದರೆ 1881ರಲ್ಲಿ ಯಾರೋ ಗುಡ್ಡ ಹತ್ತಿ ಬರೆದುಕೊಂಡ ಸಂಖ್ಯೆ ಇಲ್ಲದಿದ್ದರೆ ಲಕ್ಷ ಮನೆಗಳ ಕತೆಯನ್ನು ನಾವಿಂದು ತೂಗಿ ನೋಡಲು ಆಗುತ್ತಿರಲಿಲ್ಲ.

ಗಣತಿಗೆ ಕಾಯದೆಯೂ ನಿಮ್ಮ ಊರಿನ ಜನಸಂಖ್ಯೆಯ ಇತಿಹಾಸವನ್ನು ಮಕ್ಕಳಿಂದ ಬರೆಸಬಹುದು.

1. ಶಾಲೆಯ ದಾಖಲಾತಿ ಪುಸ್ತಕ ತೆಗೆಯಿರಿ. ಒಂದನೆಯ ತರಗತಿಗೆ ಸೇರಿದ ಮಕ್ಕಳ ಸಂಖ್ಯೆಯನ್ನು ಐದೈದು ವರ್ಷಗಳ ಸರಾಸರಿಯಾಗಿ ಗ್ರಾಫ್ ಬಿಡಿಸಿ. ಒಂದೊಂದು ವರ್ಷದ ಅಂಕಿ ಏರುಪೇರಾಗಿರುತ್ತದೆ, ಅದರಿಂದ ತೀರ್ಮಾನಕ್ಕೆ ಬರಬೇಡಿ.

2. ಜಿಲ್ಲಾ ಜನಗಣತಿ ಕೈಪಿಡಿಯಿಂದ ನಿಮ್ಮ ಗ್ರಾಮದ ಅಂಕಿಗಳನ್ನು ಗುರುತುಮಾಡಿ. ಗ್ರಾಮದ ಗಡಿ ಬದಲಾಗಿದೆಯೇ ಎಂದು ಮೊದಲು ವಿಚಾರಿಸಿ. ಗಡಿ ಬದಲಾದರೆ ಸಂಖ್ಯೆ ಬದಲಾಗುತ್ತದೆ, ಜನ ಬದಲಾಗಿರುವುದಿಲ್ಲ.

3. ಹತ್ತು ಮನೆಗಳಲ್ಲಿ ಮೂರು ತಲೆಮಾರಿನ ಪಟ್ಟಿ ಮಾಡಿ: ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಬದುಕಿದರು, ಎಷ್ಟು ಮಂದಿ ಊರಿನಲ್ಲಿದ್ದಾರೆ. ಸತ್ತ ಮಕ್ಕಳ ಬಗ್ಗೆ ಅಜ್ಜಿಯರನ್ನು ಕೇಳುವಾಗ ಮೆತ್ತಗೆ ಕೇಳುವುದನ್ನು ಮಕ್ಕಳಿಗೆ ಕಲಿಸಿ.

4. ಬೀಗ ಹಾಕಿದ ಮನೆಗಳು, ಬರೀ ಅಡಿಪಾಯ ಉಳಿದ ಮನೆಗಳು, ಬಳಸದ ಬಾವಿಗಳನ್ನು ಊರಿನ ನಕ್ಷೆಯಲ್ಲಿ ಗುರುತಿಸಿ. ಪ್ರತಿಯೊಂದರ ಪಕ್ಕದಲ್ಲಿ 'ಯಾವಾಗ, ಯಾಕೆ, ಎಲ್ಲಿಗೆ' ಎಂದು ಬರೆಸಿ.

ನಾಲ್ಕನ್ನೂ ಒಟ್ಟಿಗೆ ಇಟ್ಟು, ಮೇಲೆ ಕೊಟ್ಟ ಸಮೀಕರಣದ ಯಾವ ಪದ ನಿಮ್ಮ ಊರಿನಲ್ಲಿ ಹೆಚ್ಚು ಕೆಲಸ ಮಾಡಿದೆ ಎಂದು ನಿರ್ಧರಿಸಿ. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿರುವುದಕ್ಕೆ ಹುಟ್ಟು ಕಡಿಮೆಯಾದದ್ದು ಕಾರಣವಾದರೆ ಪರಿಹಾರ ಒಂದು. ಕುಟುಂಬಗಳು ಹೊರಟದ್ದು ಕಾರಣವಾದರೆ ಪರಿಹಾರ ಬೇರೆ: ರಸ್ತೆ, ಆಸ್ಪತ್ರೆ, ಕೆಲಸ. ಮಕ್ಕಳು ಪೇಟೆಯ ಶಾಲೆಯ ಬಸ್ಸು ಹತ್ತುತ್ತಿರುವುದು ಕಾರಣವಾದರೆ ಅದು ಜನಸಂಖ್ಯೆಯ ಪ್ರಶ್ನೆಯೇ ಅಲ್ಲ. ಮೂರನ್ನೂ ಒಂದೇ ಎಂದು ತಿಳಿದು ಶಾಲೆ ಮುಚ್ಚುವ ಮಾತು ಬಂದಾಗ, ನಿಮ್ಮ ಮಕ್ಕಳು ಬಿಡಿಸಿದ ಆ ಗ್ರಾಫ್ ಗ್ರಾಮಸಭೆಯಲ್ಲಿ ಇಡಬಹುದಾದ ಗಟ್ಟಿ ದಾಖಲೆಯಾಗುತ್ತದೆ.